ದಕ್ಷಿಣಕ್ಕೆ ಬಾಗಿಲಿಟ್ಟ ಟೆಂಟು

ತಮ್ಮಂದಿರೇ, ತಂಗಿಯರೇ, ಇವತ್ತು ಸಂಜೆ ಅಥಣಿ ರಸ್ತೆಯ ನಮ್ಮ ಮನೆಯ ಮಾಳಿಗೆಯ ಮೇಲೆ ಇನ್ನೊಂದು ಮನೆ ಎದ್ದಿತು. ಮೊಮ್ಮಗಳು ಸಾನಿಕಾ ತಂದ ಟೆಂಟು. ಈ ರಾತ್ರಿ ಅಜ್ಜಿಯ ಜೊತೆ ಅದರಲ್ಲೇ ಮಲಗಬೇಕೆಂಬುದು ಅವಳ ಆಸೆ. ಕಾಂಕ್ರೀಟಿನಲ್ಲಿ ಗೂಟ ಇಳಿಯಲಿಲ್ಲ. ನಾಲ್ಕೂ ಮೂಲೆಗೆ ಜೋಳದ ಚೀಲ ಇಟ್ಟೆವು.

ನನ್ನ ಹೆಂಡತಿ, ಅಂದರೆ ನಿಮ್ಮ ವೈನಿ, ಹಾಸಿಗೆ ಹೊತ್ತು ಬಂದವಳು ಅಲ್ಲೇ ನಿಂತಳು.

“ಬಾಗಲಾ ದಕ್ಷಿಣಕ್ಕೈತಿ. ನಾ ಒಳಗ ಬರಂಗಿಲ್ಲ.”

“ಆಯೀ, ಇದು ಟೆಂಟ್ ಬೇ, ಮನಿ ಅಲ್ಲ!” ಎಂದಳು ಸಾನಿಕಾ.

“ಮಕ್ಕೊಳ್ಳೂದು ಇದರಾಗ ಹೌದಲ್ಲೋ? ಮತ್ತ ಮನೀನ ಆತು.”

ಹುಡುಗಿಯ ಮುಖ ಸಣ್ಣದಾಯಿತು. ನಾನು ಚೀಲಗಳನ್ನು ಸರಿಸಿ, “ಹಿಡಿ ಆ ಕಡೆ” ಎಂದೆ. ಇಬ್ಬರೂ ಟೆಂಟನ್ನು ಹಾಗೆಯೇ ಎತ್ತಿ ಪೂರ್ವಕ್ಕೆ ತಿರುಗಿಸಿದೆವು. ಅಜ್ಜಿ ಬಲಗಾಲಿಟ್ಟು ಒಳಗೆ ಹೋದಳು.

ಕೆಳಗಿನ ಮನೆ ಕಟ್ಟುವಾಗ ಅವಳು ಇದೇ ದಕ್ಷಿಣದ ಬಾಗಿಲಿನ ಸಲುವಾಗಿ ಗೋಡೆ ಒಡೆಸಿದ್ದು ನಿಮಗೆ ನೆನಪಿರಬೇಕು. ಈಗ ಒಳಗಿನಿಂದ ಕೂಗುತ್ತಾಳೆ: “ಆವಾಗನೂ ಇಂಥಾದ್ದ ಕಟ್ಟಬೇಕಿತ್ತು ನೋಡ್ರಿ!”

ಟೆಂಟಿನಲ್ಲಿ ಇಬ್ಬರಿಗಷ್ಟೇ ಜಾಗ. ಗಾಳಿ ಜೋರಾಗಿದೆ, ಟೆಂಟು ಹಾರಿ ಹೋಗದಂತೆ ಹೊರಗೆ ಅದರ ಅಂಚನ್ನು ಒತ್ತಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಸದ್ಯ ಐದನೆಯ ಚೀಲ ನಾನೇ.