ಹೊಸ ಲ್ಯಾಪ್‌ಟಾಪಿನ ಮೊದಲ ಒಡಪು

ಗುರುವಾರ ಬೆಳಗಿನ ಆರೂವರೆ. ಮುಂಬೈಯ ಗೋರೆಗಾಂವ್ ಪೂರ್ವದ ಒಂದು ಗಾಜಿನ ಕಟ್ಟಡದ ಏಳನೇ ಮಾಳಿಗೆಯಲ್ಲಿ ಎ.ಸಿ. ಇನ್ನೂ ಶುರುವಾಗಿಲ್ಲ. ಸ್ಟೋರ್ ರೂಮಿನ ಉದ್ದನೆಯ ಮೇಜಿನ ಮೇಲೆ ಆರು ಹೊಸ ಲ್ಯಾಪ್‌ಟಾಪ್‌ಗಳು ಸಾಲಾಗಿ ತೆರೆದು ಕೂತಿವೆ. ಸೀರೆಯ ಮೇಲೆ ಹೌಸ್‌ಕೀಪಿಂಗ್‌ನವರ ನೀಲಿ ಕೋಟು ತೊಟ್ಟ ಹೆಂಗಸೊಬ್ಬರು ಮೊದಲನೆಯದನ್ನು ಹಳದಿ ಬಟ್ಟೆಯಿಂದ ಮೈಯೆಲ್ಲ ಒರೆಸುತ್ತಾರೆ. ಒಂದು ಗುಂಡಿ ಒತ್ತುತ್ತಾರೆ. ತಲೆಯ ಮೇಲೆ ಸೆರಗು ಎಳೆದುಕೊಂಡು, ಪರದೆಯತ್ತ ಸ್ವಲ್ಪ ಬಾಗಿ, ಎದುರಿಗೆ ಹಿರಿಯರು ನಿಂತಿದ್ದಾರೇನೋ ಎನ್ನುವ ದನಿಯಲ್ಲಿ ಹೇಳುತ್ತಾರೆ:

"ಬಿಸಿ ರೊಟ್ಟಿ ಮ್ಯಾಲ ಹಸಿ ಬೆಣ್ಣಿ ಇಟ್ಟೀನಿ,
ಶೆಟ್ಟೆಪ್ಪನ ಹೆಸರ ಹಿಡಿದು ಹೊಸ್ತಿಲಾ ದಾಟೀನಿ."

ಮರುಕ್ಷಣ ಲ್ಯಾಪ್‌ಟಾಪ್ ಅದೇ ಒಡಪನ್ನು ತಿರುಗಿ ಹೇಳುತ್ತದೆ. "ಕಿವಿ ಅದಾವು, ಬಾಯಿನೂ ಐತಿ" ಎಂದು ಅವರು ಚೀಟಿಯಲ್ಲಿ ಎರಡು ಗುರುತು ಹಾಕಿ, ರೆಕಾರ್ಡಿಂಗ್ ಅಳಿಸಿ, ಎರಡನೆಯದರ ಮುಂದೆ ಹೋಗಿ ನಿಲ್ಲುತ್ತಾರೆ. ಮತ್ತೆ ಬಿಸಿ ರೊಟ್ಟಿ, ಮತ್ತೆ ಬೆಣ್ಣೆ, ಮತ್ತೆ ಶೆಟ್ಟೆಪ್ಪ.

ಇವರು ಇಂದ್ರಾಬಾಯಿ, ವಯಸ್ಸು ನಲವತ್ತೇಳು. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಒಂದು ಹಳ್ಳಿ. ಶೆಟ್ಟೆಪ್ಪ ಅವರ ಗಂಡ. "ಮನ್ಯಾಗ ಒಂದ ದಿನಾನೂ ಅವರ ಹೆಸರ ಹಿಡಿದಿಲ್ರೀ. ಇಲ್ಲಿ ಮಾತ್ರ ಒಂದೊಂದ ದಿನ ಇಪ್ಪತ್ತ ಸಲ ಹಿಡೀತೀನಿ" ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ. ಉತ್ತರ ಕರ್ನಾಟಕದ ಕಡೆ ಹೊಸ ಸೊಸೆಯನ್ನು ಹೊಸ್ತಿಲಲ್ಲೇ ತಡೆದು, ಗಂಡನ ಹೆಸರನ್ನು ಒಡಪಿನಲ್ಲಿಟ್ಟು ಹೇಳುವವರೆಗೆ ಒಳಗೆ ಬಿಡುವುದಿಲ್ಲ. ಮೈಕು, ಸ್ಪೀಕರು ಪರೀಕ್ಷಿಸಲು ಏನಾದರೂ ಮಾತಾಡಿ ಎಂದು ಮೊದಲ ದಿನ ಹೇಳಿಕೊಟ್ಟಾಗ ಇವರ ಬಾಯಿಗೆ ಬಂದದ್ದು ಇದೊಂದೇ. ಅಂದಿನಿಂದ ಬದಲಾಗಿಲ್ಲ.

ನನಗೆ ಇವರ ಸುಳಿವು ಸಿಕ್ಕಿದ್ದು ಮಾಟುಂಗದ ಕನ್ನಡ ಸಂಘದ ಒಂದು ಸಮಾರಂಭದಲ್ಲಿ. ಮೈಕು ಕೈಕೊಟ್ಟು ಭಾಷಣಕಾರರು ಮೂಗರಂತೆ ನಿಂತಿದ್ದಾಗ (ಸಭಿಕರು ಸಂತೋಷವಾಗಿಯೇ ಇದ್ದರು ಅನ್ನಿ) ಪಕ್ಕದ ಕುರ್ಚಿಯಲ್ಲಿದ್ದ ಸುಹಾಸ ಎಂಬ ಮಂಗಳೂರಿನವರು, "ಮೈಕ್ ಟೆಸ್ಟ್ ನೋಡ್ಬೇಕಾದ್ರೆ ನಮ್ಮ ಆಫೀಸಿಗೆ ಬನ್ನಿ ಮಾರಾಯ್ರೆ. ನಮ್ಮ ಇಂದ್ರಕ್ಕನದ್ದು ಕೇಳ್ಬೇಕು ನೀವು" ಎಂದರು. ಸುಹಾಸ ಆ ಕಚೇರಿಯ ಐಟಿ ವಿಭಾಗದ ಮುಖ್ಯಸ್ಥರು. ಸ್ವಂತ ಲ್ಯಾಪ್‌ಟಾಪಿನ ಸದ್ದು ಹೋಗಿ ಆರು ತಿಂಗಳಾದರೂ ಅದರ ಗೋಜಿಗೆ ಹೋಗದ ನನ್ನಂಥವನಿಗೆ ಇಂಥ ಆಹ್ವಾನ ಬೇಕೇ ಇತ್ತು.

ಹೊಸ ಲ್ಯಾಪ್‌ಟಾಪಿಗೆ ಪರೀಕ್ಷೆ ಏಕೆ ಎಂದು ಕೇಳಬಹುದು, ನಾನೂ ಕೇಳಿದೆ. ಕಚೇರಿಯವರು ಹೊಸ ಯಂತ್ರದಲ್ಲಿ ಇದ್ದುದನ್ನೆಲ್ಲ ಅಳಿಸಿ ತಮ್ಮದೇ ವಿಂಡೋಸ್ ಹಾಕುತ್ತಾರೆ. ಆಗ ಒಳಗಿರುವ ವೈಫೈ, ಟಚ್‌ಪ್ಯಾಡ್, ಕ್ಯಾಮೆರಾ ಇವುಗಳ ಗುರುತು ಯಂತ್ರಕ್ಕೆ ಹತ್ತುವುದಿಲ್ಲ. ಗುರುತು ಹತ್ತಿಸಿಕೊಡುವ ಸಣ್ಣ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಯಾವುದಕ್ಕೆ ಯಾವ ಡ್ರೈವರ್ ಎಂದು ಹುಡುಕಿ ಜೋಡಿಸುವುದೇ ಇಂದ್ರಾಬಾಯಿಯ ಕೆಲಸ. ಹೊಸ ಮಾಲು ಬಂದ ದಿನಗಳಲ್ಲಿ ಹದಿನೆಂಟರಿಂದ ಇಪ್ಪತ್ತು ಯಂತ್ರ, ಒಂದೊಂದಕ್ಕೆ ಹನ್ನೊಂದು ಪರೀಕ್ಷೆ. ನಾಲ್ಕು ವರ್ಷದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಲ್ಯಾಪ್‌ಟಾಪ್‌ಗಳು ಅವರ ಕೈಯಿಂದ ದಾಟಿವೆ. ವೈಫೈ ಇಲ್ಲದೆ ಇಂಟರ್‌ನೆಟ್ ಇಲ್ಲ, ಇಂಟರ್‌ನೆಟ್ ಇಲ್ಲದೆ ವೈಫೈ ಡ್ರೈವರ್ ಸಿಗುವುದಿಲ್ಲ ಎಂಬ ಕಗ್ಗಂಟು ಬಂದಾಗ ತಮ್ಮ ಹಳೇ ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ, "ತಗೋ, ನನ್ನ ನೆಟ್ ಕುಡಿ" ಎನ್ನುತ್ತಾರೆ.

ಪರದೆಯ ಮೇಲೆ ಒಂದು ಪಟ್ಟಿ ತೆರೆದು ತೋರಿಸುತ್ತಾರೆ. ಒಂದು ಸಾಲಿನ ಪಕ್ಕದಲ್ಲಿ ಹಳದಿ ತ್ರಿಕೋನವಿದೆ. "ಇದು ನೋಡ್ರಿ, ಯಾರೋ ಬಂದು ಬಾಗಲಾಗ ನಿಂತಾರ, ಹೆಸರ ಗೊತ್ತಿಲ್ಲ. ಹೆಸರ ಗೊತ್ತಿಲ್ಲಂದ್ರ ನಮ್ಮ ಕಡೆ ಏನ ಕೇಳ್ತಾರ? ಅಡ್ಡಹೆಸರ ಏನು, ಯಾವ ಮನೆತನ, ಯಾರ ಪೈಕಿ? ಹಂಗ. ಒಳಗ ಹೋದ್ರ ಒಂದ ನಂಬರ ಸಿಗ್ತದ. ಮೊದಲಿನ ನಾಲ್ಕ ಅಕ್ಷರ ಅಡ್ಡಹೆಸರ, ಅಂದ್ರ ಮಾಡಿದ ಕಂಪನಿ, ಮುಂದಿನ ನಾಲ್ಕ ಅದರ ಸ್ವಂತ ಹೆಸರ. ಎರಡೂ ಹಿಡದ್ರ ಮನಿ ಸಿಕ್ಕಂಗ." ಇಂಥ ನೂರಾ ಅರವತ್ಮೂರು ನಂಬರುಗಳು ಅವರ ಉದ್ದ ನೋಟ್‌ಬುಕ್ಕಿನಲ್ಲಿವೆ. ಪಕ್ಕದಲ್ಲಿ ಕನ್ನಡದ ಟಿಪ್ಪಣಿ. "ಟಚ್‌ಪ್ಯಾಡ್, ಹಟಮಾರಿ. ಎರಡ ಸಲ ರೀಸ್ಟಾರ್ಟ್." ಇನ್ನೊಂದರ ಮುಂದೆ, "ಬಲು ಶಾಣ್ಯಾ."

ಓದಿದ್ದು ಏಳನೇ ಇಯತ್ತೆ, ಕನ್ನಡ ಶಾಲೆಯಲ್ಲಿ. ಇಂಗ್ಲಿಷ್ ಅಕ್ಷರ ಕಲಿಸಿದ್ದು ರೈಲ್ವೆ ಪ್ಲಾಟ್‌ಫಾರ್ಮಿನ ಬೋರ್ಡು. "ಬಿ ಓ ಅಂದ್ರ ಬೋರಿವಿಲಿ, ವಿ ಅಂದ್ರ ವಿರಾರ. ತಪ್ಪಿ ಹತ್ತಿದ್ರ ಗಿಚ್ಚ ಗದ್ದಲದಾಗ ಎಲ್ಲೋ ಹೋಗಿ ಇಳೀಬೇಕು, ಅದಕ್ಕ ಲಗೂನ ಕಲ್ತೆ." ಇಪ್ಪತ್ತಾರು ವರ್ಷದ ಹಿಂದೆ ಗಂಡನ ಜೊತೆ ಬಂದಾಗ ಮಾಡಿದ್ದು ಕಟ್ಟಡಗಳಲ್ಲಿ ಸಿಮೆಂಟ್ ಬುಟ್ಟಿ ಹೊರುವ ಕೆಲಸ. ಗೌಂಡಿ ಶೆಟ್ಟೆಪ್ಪ ಇಟ್ಟಂಗಿ ಇಡುತ್ತಿದ್ದರು, ಇವರು ಹೊತ್ತು ಕೊಡುತ್ತಿದ್ದರು. ಹದಿಮೂರನೇ ಮಾಳಿಗೆಯ ಮೆಟ್ಟಿಲಲ್ಲಿ ಬುಟ್ಟಿಯ ಸಮೇತ ಬಿದ್ದು ಭುಜ ಮುರಿದ ಮೇಲೆ ಹೊರುವ ಕೆಲಸ ನಿಂತಿತು. ಈಗಲೂ ಬಲಗೈ ಕಿವಿಯಿಂದ ಮೇಲೆ ಏಳುವುದಿಲ್ಲ. ಹನ್ನೊಂದು ವರ್ಷದಿಂದ ಈ ಕಚೇರಿಯಲ್ಲಿ ಕಸ ಗುಡಿಸಿ ಒರೆಸುವ ಹೌಸ್‌ಕೀಪಿಂಗ್ ಕೆಲಸ. ಇಲ್ಲಿ ಎಲ್ಲರೂ ಕರೆಯುವುದು ಮಾವಶಿ, ಅಂದರೆ ಚಿಕ್ಕಮ್ಮ, ಎಂದು. ಹೆಸರು ಗೊತ್ತಿರುವವರು ಮೂರೋ ನಾಲ್ಕೋ ಜನ.

ನಾಲ್ಕು ವರ್ಷದ ಹಿಂದೆ ಐಟಿ ವಿಭಾಗದ ಸ್ನೇಹಲ್ ಎಂಬ ಮರಾಠಿ ಹುಡುಗಿ ಇನ್ನೂರು ಹೊಸ ಯಂತ್ರಗಳ ನಡುವೆ ಒಬ್ಬಳೇ ಕೂತು ತಲೆ ಚಚ್ಚಿಕೊಳ್ಳುತ್ತಿದ್ದಳು. ನೆಲ ಒರೆಸಲು ಬಂದ ಇಂದ್ರಾಬಾಯಿ, ಡಬ್ಬ ಬಿಚ್ಚಿಯಾದರೂ ಕೊಡಲೇ ಎಂದು ಕೇಳಿದರು. ಬಿಚ್ಚುತ್ತಾ ಬಿಚ್ಚುತ್ತಾ ಪ್ರಶ್ನೆ ಕೇಳಿದರು. ಸ್ನೇಹಲ್ ಬೇಸರಿಸದೆ ಹೇಳಿಕೊಟ್ಟಳು. ತಪ್ಪುಗಳೂ ಆದವು. ಒಮ್ಮೆ ಅಡ್ಡಹೆಸರು ಮಾತ್ರ ನೋಡಿ ಬೇರೆಯದೇ ಡ್ರೈವರ್ ಹಾಕಿದ್ದಕ್ಕೆ ಪರದೆ ಕಪ್ಪಾಗಿ ಹೋಯಿತು. "ನೌಕರಿ ಹೋತು ಅಂತ ಬಾತ್‌ರೂಮಿನ್ಯಾಗ ನಿಂತು ಅತ್ತೀನ್ರೀ. ಅಡ್ಡಹೆಸರ ಒಂದ ಇದ್ರೂ ಮನಿ ಬ್ಯಾರೆ ಇರ್ತಾವ ಅನ್ನೂದು ಅವತ್ತ ತಿಳೀತು." ಸ್ನೇಹಲ್ ಹತ್ತು ನಿಮಿಷದಲ್ಲಿ ಸರಿಮಾಡಿದಳಂತೆ.

ಇಷ್ಟೆಲ್ಲ ಕೇಳಿ ಖುಷಿಯಲ್ಲಿದ್ದ ನನಗೆ ಸಿಟ್ಟು ಬಂದದ್ದು ಚೀಟಿಗಳನ್ನು ನೋಡಿದಾಗ. ಪ್ರತಿ ಲ್ಯಾಪ್‌ಟಾಪಿನ ಜೊತೆ ಒಂದು ಪರೀಕ್ಷೆಯ ಚೀಟಿ ಹೋಗುತ್ತದೆ. ಕೆಳಗೆ "ಪರೀಕ್ಷಿಸಿದವರು" ಎಂಬ ಜಾಗ. ಮೂರು ಸಾವಿರ ಚೀಟಿಗಳಲ್ಲೂ ಅಲ್ಲಿರುವುದು ಸ್ನೇಹಲ್ ಸಹಿ. ಯಾರದೂ ಕುತಂತ್ರವಲ್ಲ, ಮೊದಲ ದಿನ ಹಾಗೆ ಶುರುವಾದದ್ದು ಹಾಗೇ ನಡೆದುಬಂತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಏಳನೇ ಮಾಳಿಗೆಯಲ್ಲೂ ನಿಜ.

ಈಗ ಅದೇ ಸಹಿ ಇಂದ್ರಾಬಾಯಿಯ ಬುಡಕ್ಕೆ ಬಂದಿದೆ. ಮುಂದಿನ ತಿಂಗಳಿನಿಂದ ಹೌಸ್‌ಕೀಪಿಂಗ್‌ಗೆ ಹೊಸ ಕಾಂಟ್ರ್ಯಾಕ್ಟರ್. ಹಳಬರನ್ನೆಲ್ಲ ಬೇರೆ ಬೇರೆ ಕಟ್ಟಡಗಳಿಗೆ ಹಂಚುತ್ತಾರೆ. ಇಂದ್ರಾಬಾಯಿಗೆ ಬಂದಿರುವುದು ದಕ್ಷಿಣ ಮುಂಬೈಯ ಫೋರ್ಟಿನ ಒಂದು ಬ್ಯಾಂಕು, ಅಲ್ಲಿ ನೆಲ ಒರೆಸುವುದು ಬಿಟ್ಟು ಬೇರೆ ಕೆಲಸವಿಲ್ಲ. ಐಟಿ ಸ್ಟೋರಿನ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಇಲ್ಲೇ ಉಳಿಯಬಹುದು. ಸುಹಾಸ ಆಡಳಿತ ವಿಭಾಗಕ್ಕೆ ಎರಡು ಸಲ ಬರೆದರು. ಇವರು ಈ ಕೆಲಸ ಮಾಡುತ್ತಾರೆ ಎನ್ನುವುದಕ್ಕೆ ಒಂದಾದರೂ ಕಾಗದ ತೋರಿಸಿ ಎಂಬ ಉತ್ತರ ಬಂತು. "ಕಸಬರಿಗಿ ಹಿಡಿಯಾಕ ನಾಚಿಕಿಲ್ರೀ. ಆದ್ರ ಕಲ್ತದ್ದು ಕೈಯಾಗ ಸುಮ್ಮ ಸಾಯ್ತದಲ್ಲ, ಅದಕ್ಕ ಸಂಕಟ" ಎನ್ನುವಾಗ ಇಂದ್ರಾಬಾಯಿ ನನ್ನ ಮುಖ ನೋಡುವುದಿಲ್ಲ, ನೋಟ್‌ಬುಕ್ಕಿನ ಮಡಚಿದ ಮೂಲೆಯನ್ನು ನೇರ ಮಾಡುತ್ತಿರುತ್ತಾರೆ.

ಒಂಬತ್ತು ಗಂಟೆಗೆ ಸುಹಾಸ, ಸ್ನೇಹಲ್ ಇಬ್ಬರೂ ಜೋಲು ಮುಖದಲ್ಲಿ ಒಳಗೆ ಬರುತ್ತಾರೆ. ಸೋಮವಾರ ಕೆಲಸಕ್ಕೆ ಸೇರುವವರಿಗೆಂದು ನಲವತ್ತೆರಡು ಲ್ಯಾಪ್‌ಟಾಪ್ ಬಂದಿವೆ. ವಿಡಿಯೊ ಕರೆಯಲ್ಲೇ ನಡೆಯುವ ಕೆಲಸ, ಆದರೆ ಕ್ಯಾಮೆರಾ ಕಾಣುತ್ತಿಲ್ಲ. ನಿನ್ನೆ ಮಧ್ಯಾಹ್ನದಿಂದ ಸ್ನೇಹಲ್ ಒಂದರ ಮೇಲೆ ನಾಲ್ಕು ಬಗೆಯ ಡ್ರೈವರ್ ಹಾಕಿ ತೆಗೆದಿದ್ದಾಳೆ. ಇನ್ನೂ ಮೂರನ್ನು ತೆರೆದು ನೋಡಿದರೂ ಅದೇ ಕಥೆ.

"ಇದು ಹೋಯ್ತು ಇಂದ್ರಕ್ಕ" ಎನ್ನುತ್ತಾರೆ ಸುಹಾಸ. "ಕಣ್ಣಿನ ಹಾಗೆ ತೂತು ಮಾತ್ರ ಉಂಟು, ಒಳಗೆ ಕ್ಯಾಮೆರಾವೇ ಹಾಕ್ಲಿಲ್ಲ ಕಾಣ್ತದೆ. ಬೇರೆ ಮಾಡೆಲ್ ಕಳ್ಸಿದ್ದಾರೆ. ಎಲ್ಲ ಡಬ್ಬಕ್ಕೆ ಹಾಕಿ, ವಾಪಸ್ ಕಳಿಸುವ." ವಾಪಸ್ ಹೋದರೆ ಬದಲಿ ಬರಲು ಮೂರು ವಾರ ಎಂದು ಸ್ನೇಹಲ್ ನನಗೆ ಹಿಂದಿಯಲ್ಲಿ ಹೇಳುತ್ತಾಳೆ.

ಇಂದ್ರಾಬಾಯಿ ಆಯಿತು ಎನ್ನುತ್ತಾರೆ. ಆದರೆ ಒರೆಸದೆ ಯಾವುದನ್ನೂ ಡಬ್ಬಕ್ಕೆ ಹಾಕುವುದು ಅವರ ಜಾಯಮಾನವಲ್ಲ. ಸ್ನೇಹಲ್ ತೆರೆದಿಟ್ಟಿದ್ದ ಯಂತ್ರವನ್ನು ಹತ್ತಿರ ಎಳೆದು, ಬಟ್ಟೆ ತೆಗೆದುಕೊಂಡು ಮುಚ್ಚಳ, ಅಂಚು, ತೂತುಗಳ ಸುತ್ತ ಎಂದಿನಂತೆ ಒರೆಸುತ್ತಾರೆ. ಬಲ ಅಂಚಿನಲ್ಲಿ ಬಟ್ಟೆಯ ಒಂದು ಎಳೆ ಸಿಕ್ಕಿಕೊಳ್ಳುತ್ತದೆ. ಅವರು ಎಳೆಯುವುದಿಲ್ಲ. ಕನ್ನಡಕ ಏರಿಸಿಕೊಂಡು ನೋಡುತ್ತಾರೆ. ಅಕ್ಕಿಕಾಳಿನಷ್ಟು ಸಣ್ಣ, ಮೈಬಣ್ಣದ್ದೇ ಒಂದು ಗುಂಡಿ. ಉಗುರಿನಿಂದ ಪಕ್ಕಕ್ಕೆ ಸರಿಸುತ್ತಾರೆ. ಪರದೆಯ ಮೇಲಿನ ಪಟ್ಟಿ ಒಮ್ಮೆ ಮಿಣುಕಿ, ಹೊಸ ಸಾಲೊಂದು ಮೂಡುತ್ತದೆ. ಕ್ಯಾಮೆರಾ.

"ಸ್ನೇಹಲ್ ಬೇಟಾ, ಇಕಡೆ ಯೇ ಜರಾ" ಎಂದು ಮೆಲ್ಲಗೆ ಕರೆಯುತ್ತಾರೆ.

ಯಾರೂ ಕದ್ದು ನೋಡಬಾರದೆಂದು ಕ್ಯಾಮೆರಾವನ್ನು ಪೂರ್ತಿ ಕಡಿದು ಹಾಕುವ ಗುಂಡಿಯಂತೆ ಅದು. ನಲವತ್ತೆರಡರಲ್ಲೂ ಮುಚ್ಚಿಯೇ ಬಂದಿದೆ. ಸುಹಾಸ ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. "ಶ್ಶೆ! ಮತ್ತೆ ನಾವು ನಿನ್ನೆಯಿಂದ ಹುಡುಕಿದ್ದು ಎಂತ?"

"ನಿಮ್ಮದೇನ ತಪ್ಪಿಲ್ರೀ ಸಾಹೇಬ್ರ" ಎಂದು ಇಂದ್ರಾಬಾಯಿ ಸಮಾಧಾನ ಹೇಳುತ್ತಾರೆ. "ಹಳದಿ ಗುರುತ ಇದ್ದಿದ್ರ ನಾನೂ ನಂಬರ ಹುಡಕ್ತಿದ್ದೆ. ಇದು ಪಟ್ಟಿಯಾಗ ಇರಲೇ ಇಲ್ಲ. ಬಾಗಲಾಗ ಬಂದು ನಿಂತಿಲ್ಲಂದ್ರ ಯಾರೋ ಹೊರಗ ಕದಾ ಹಾಕ್ಯಾರ ಅಂತ ಅರ್ಥ."

ನನಗೆ ಎದ್ದು ಚಪ್ಪಾಳೆ ತಟ್ಟಬೇಕು ಅನ್ನಿಸಿತು, ಸಂಕೋಚವಾಗಿ ಸುಮ್ಮನಿದ್ದೆ. ಹನ್ನೊಂದು ವರ್ಷ ಮೇಜು, ಬಾಗಿಲು, ಗಾಜು ಒರೆಸಿದ ಬೆರಳು ಎರಡು ಪದವಿಗಳಿಗಿಂತ ಮೊದಲು ಗುಂಡಿಯನ್ನು ಮುಟ್ಟಿತ್ತು. ಸ್ನೇಹಲ್ ನಲವತ್ತೆರಡು ಖಾಲಿ ಚೀಟಿಗಳನ್ನೂ ತನ್ನ ಪೆನ್ನನ್ನೂ ತಂದು ಇಂದ್ರಾಬಾಯಿಯ ಮುಂದೆ ಇಟ್ಟಳು. "ಮಾವಶಿ, ಆಜ್ ತುಮ್ಹೀ ಸಹೀ ಕರಾ." ಇವತ್ತು ನೀವೇ ಸಹಿ ಹಾಕಿ ಎಂದಳು.

ಸುಹಾಸ, ಸ್ನೇಹಲ್ ಇಬ್ಬರೂ ಡ್ರೈವರ್ ಹಾಕಿಕೊಡುತ್ತ ಹೋದದ್ದರಿಂದ ಮಧ್ಯಾಹ್ನ ಮೂರಕ್ಕೆ ನಲವತ್ತೆರಡೂ ಸಿದ್ಧ. ಒಂದೊಂದಕ್ಕೂ ಹನ್ನೊಂದು ಪರೀಕ್ಷೆ, ಒಂದೊಂದರ ಮುಂದೆಯೂ ಬಿಸಿ ರೊಟ್ಟಿ, ಹಸಿ ಬೆಣ್ಣೆ. ಇಂದ್ರಾಬಾಯಿ ಕನ್ನಡದಲ್ಲಿ ಸಹಿ ಹಾಕುತ್ತಾರೆ. ಹೆಸರು ಉದ್ದ, ಜಾಗ ಗಿಡ್ಡ. ಮೊದಲ ಚೀಟಿಯಲ್ಲಿ ಕೊನೆಯ ಅಕ್ಷರ ಗೆರೆ ದಾಟಿ ಹೊರಗೆ ಬಂತು. ಇನ್ನೊಂದು ಚೀಟಿ ಕೊಡಲೇ ಎಂದು ಸ್ನೇಹಲ್ ಕೇಳಿದರೆ, "ಬ್ಯಾಡ ಬ್ಯಾಡ" ಎಂದು ಅದನ್ನು ಎದೆಗೆ ಒತ್ತಿ ಹಿಡಿದರು. ಅಂದೇ ಸಂಜೆ ಸುಹಾಸ ನಲವತ್ತೆರಡರ ನಕಲನ್ನೂ ಆಡಳಿತ ವಿಭಾಗಕ್ಕೆ ಕಳಿಸಿ, "ಕಾಗದ ಬೇಕು ಅಂದ್ರಲ್ಲ, ತಕೊಳ್ಳಿ" ಎಂದು ನನಗೆ ಕೇಳುವಂತೆ ಗೊಣಗಿಕೊಂಡರು.

ಇದನ್ನು ಬರೆಯುವ ಮುನ್ನ, ಮುಂದಿನ ಬುಧವಾರ, ಮತ್ತೆ ಬೆಳಗಿನ ಆರೂವರೆಗೆ ಹೋಗುತ್ತೇನೆ. ಬಾಗಿಲಲ್ಲೇ ಇಂದ್ರಾಬಾಯಿ ಪ್ಲಾಸ್ಟಿಕ್ ಹಾಳೆಯಲ್ಲಿ ಜೋಪಾನ ಮಾಡಿದ ಒಂದು ಕಾಗದ ತೋರಿಸುತ್ತಾರೆ. ಐಟಿ ಸ್ಟೋರಿನ ಪಟ್ಟಿ. ಐದನೇ ಹೆಸರು ಅವರದು. ಫೋರ್ಟಿಗೆ ಹೋಗುವುದು ತಪ್ಪಿದೆ. ಇನ್ನೇನು ಆಸೆ ಎಂದು ಕೇಳಿದರೆ, ನೋಟ್‌ಬುಕ್ಕು ತುಂಬುತ್ತ ಬಂತು, ಇನ್ನೊಂದು ಬೇಕು ಎನ್ನುತ್ತಾರೆ.

"ಮನೆಯಲ್ಲಿ ಏನಂದರು?" ಎನ್ನುತ್ತೇನೆ.

ಸೆರಗು ಪೂರ್ತಿ ಮುಖದ ಮೇಲೆ ಬರುತ್ತದೆ. "ಅವ್ರೂ ಒಡಪ ಹೇಳಿದ್ರು. ಮದ್ವಿ ದಿನಾನೂ ಬಾಯಿ ಬಿಟ್ಟಿರಲಿಲ್ಲ ಆ ಮನಷಾ."

ಏನದು ಎಂದು ಎಷ್ಟು ಕೇಳಿದರೂ ನನಗೆ ಹೇಳಲೊಲ್ಲರು. ಮೇಜಿನ ಮೇಲೆ ಅಂದಿನ ಮೊದಲ ಲ್ಯಾಪ್‌ಟಾಪ್ ತೆರೆದಿದೆ. ಅದರ ಕಡೆ ತಿರುಗಿ, ಗುಂಡಿ ಒತ್ತಿ, ಬಿಸಿ ರೊಟ್ಟಿಯ ಬದಲು ಆ ಒಡಪನ್ನೇ ಅದಕ್ಕೆ ಹೇಳುತ್ತಾರೆ:

"ಮುಂಬೈ ತುಂಬ ಮಾಳಿಗಿ ಕಟ್ಟಿ ಕೈಯೆಲ್ಲ ಕೆಸರ,
ಕಂಪನಿ ಕಾಗದದಾಗ ಬಂತು ಇಂದ್ರಾಬಾಯಿ ಹೆಸರ."

ಯಂತ್ರ ಅದನ್ನು ತಿರುಗಿ ಹೇಳುತ್ತದೆ, ಅವರದೇ ದನಿಯಲ್ಲಿ. ಇಂದ್ರಾಬಾಯಿ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಳ್ಳುತ್ತಾರೆ, ಚೀಟಿಯಲ್ಲಿ ಎರಡು ಗುರುತು ಹಾಕುತ್ತಾರೆ, ಎಂದಿನಂತೆ ರೆಕಾರ್ಡಿಂಗ್ ಅಳಿಸುತ್ತಾರೆ. ಅಯ್ಯೋ, ಅದೊಂದನ್ನಾದರೂ ಇಟ್ಟುಕೊಳ್ಳಬಾರದಿತ್ತೇ ಎಂದು ನಾನು ಚಡಪಡಿಸುತ್ತೇನೆ.

"ಕಂಪನಿ ಮಷೀನ್ ಐತ್ರೀ, ನಮ್ಮ ಮನಿ ಮಾತ ಅದರಾಗ ಇರಬಾರ್ದು" ಎನ್ನುತ್ತಾ ಹಳದಿ ಬಟ್ಟೆ ಕೊಡವಿ ಎರಡನೆಯದರ ಮುಂದೆ ಹೋಗಿ ನಿಲ್ಲುತ್ತಾರೆ. "ನನಗ ಬಾಯಿಪಾಠ ಐತಿ."