ಎಂಟು ಟನ್ನಿನ ಸೇತುವೆ

ಡೆರಿಕ್ ಓಲೆರನ್‌ಶಾ ಸೋತದ್ದನ್ನು ಟಾಡ್ಮರ್ಡನ್ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಗೆದ್ದದ್ದನ್ನೂ ಕಂಡಿರಲಿಲ್ಲ ಅನ್ನಿ. ಅವನ ಯುದ್ಧಗಳೆಲ್ಲ ನಡೆಯುತ್ತಿದ್ದದ್ದು ಹಿಂದಿನ ಕೋಣೆಯ ಕಂಪ್ಯೂಟರಿನೊಳಗೆ. ಮೂವತ್ತೈದು ವರ್ಷ ಸರ್ಕಾರಿ ಸೇತುವೆ ಪರೀಕ್ಷಕನಾಗಿ, ಯಾವುದು ಎಷ್ಟು ಟನ್ ತಾಳುತ್ತದೆಂದು ಬರೆದು ಸಹಿ ಹಾಕಿ ನಿವೃತ್ತನಾದವನು. ಈಗ ಯುದ್ಧದ ಆಟ ಆಡುವುದು, ಆಡಿ ವಿಮರ್ಶೆ ಬರೆಯುವುದು. ಒಮ್ಮೆ ಸೈನಿಕರ ಕೋಟಿಗೆ ಒಂದು ಗುಂಡಿ ಹೆಚ್ಚಾಯಿತೆಂದು ಎರಡು ಅಂಕ ಕಳೆದ ಮಹಾನುಭಾವ! ಆಟ ತಯಾರಿಸುವವರು ಅವನ ಹೆಸರು ಕೇಳಿದರೆ ಗಡಗಡ ನಡುಗುತ್ತಿದ್ದರು.

ಎದುರಾಳಿ ಡಂಡೀ ಊರಿನ ಮಾಜಿ ಬಸ್ ಚಾಲಕ ಫರ್ಗಸ್. ದಿನಕ್ಕೊಂದು ನಡೆ, ಅದೂ ಇಮೇಲಿನಲ್ಲಿ. ಇಪ್ಪತ್ತು ವರ್ಷದಿಂದ ಫರ್ಗಸ್ ಸೋಲುತ್ತಲೇ ಬಂದಿದ್ದ. ರಷ್ಯಾ ಯುದ್ಧದ ಈ ಹೊಸ ಆಟ ಹದಿನಾಲ್ಕು ತಿಂಗಳಿಂದ ನಡೆದಿತ್ತು. ಡೆರಿಕ್‌ನ ನಲವತ್ತು ಟ್ಯಾಂಕುಗಳು ಒಂದು ಮರದ ಸೇತುವೆ ದಾಟಿ ಮುನ್ನುಗ್ಗಿದ್ದವು. ಅದೇ ದಿನ ಅವನು ವಿಮರ್ಶೆ ಬರೆದ: "ಇಂಥ ಸೇತುವೆ ಎಂಟು ಟನ್ನಿಗಿಂತ ಹೆಚ್ಚು ತಾಳದು. ಟ್ಯಾಂಕಿನ ಭಾರ ಇಪ್ಪತ್ತೆಂಟು. ಹತ್ತಕ್ಕೆ ಆರು. ಸರಿಪಡಿಸಿದರೆ ಹತ್ತು." ತನ್ನ ಟ್ಯಾಂಕುಗಳು ಅದೇ ದಾರಿಯಲ್ಲಿ ವಾಪಸ್ಸು ಬರಬೇಕೆಂಬುದು ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಆಟ ತಯಾರಿಸಿದ ಇಮೋಜೆನ್, ಪಾಪ, ಮೂರು ವಾರ ಕೂತು, ನಡೆಯುತ್ತಿದ್ದ ಆಟಗಳಲ್ಲೂ ಸೇತುವೆಗಳನ್ನೆಲ್ಲ ತಿದ್ದಿದಳು. ಅಷ್ಟರಲ್ಲಿ ಫರ್ಗಸ್ ಮೂರು ಕಡೆಯಿಂದ ಮುತ್ತಿದ್ದ. ಡೆರಿಕ್ ಟ್ಯಾಂಕುಗಳನ್ನು ಹಿಂದಕ್ಕೆ ತಿರುಗಿಸಿದ. ಪರದೆಯ ಮೇಲೆ ಬಂತು: "ಎಂಟು ಟನ್. ದಾಟಲಾಗದು." ಇನ್ನೊಮ್ಮೆ ಒತ್ತಿದ. ಅದೇ ಉತ್ತರ.

ಮರುದಿನ ಫರ್ಗಸ್ ಬರೆದ: "ಏನ್ ಮಾರಾಯ, ಸೇತುವೆ ಹೇಗಿದೆ? ನಿನ್ನ ವಿಮರ್ಶೆಗೆ ಚೌಕಟ್ಟು ಹಾಕ್ಸಿ ಗೋಡೆಗೆ ಹಾಕಿದೀನಿ!"

ಒಂದು ವಾರ ಡೆರಿಕ್ ಆ ಯುದ್ಧದ ಚರಿತ್ರೆಯ ಪುಸ್ತಕಗಳನ್ನು ತಡಕಿದ. ತಾನು ಹೇಳಿದ್ದು ತಪ್ಪೆಂದು ಸಾಧಿಸಲು ಅವನು ಹೆಣಗಿದ್ದು ಜೀವಮಾನದಲ್ಲಿ ಅದೇ ಮೊದಲು.

"ಏನು ಹುಡುಕ್ತಿದೀಯ?" ಚಹಾ ತಂದ ಹೆಂಡತಿ ಮೊರೀನ್ ಕೇಳಿದಳು.

"ಅದರ ಕೆಳಗೆ ಕಬ್ಬಿಣದ ತೊಲೆ ಇತ್ತಾ ಅಂತ."

"ಇತ್ತಾ?"

"ಇಲ್ಲ."

"ಹಾಗಾದ್ರೆ ಟ್ಯಾಂಕಿಗೆ ಈಜೋಕೆ ಹೇಳು. ಚಹಾ ಆರ್ತಿದೆ."

ಸಂಜೆ ಇಮೋಜೆನ್ ಫೋನ್ ಮಾಡಿದಳು. "ಓಲೆರನ್‌ಶಾ ಅವ್ರೇ, ಆಡೋರೆಲ್ಲ ನನ್ನ ಬೈತಿದಾರೆ. ಸೇತುವೆ ತಾಳತ್ತೆ ಅಂತ ನೀವು ಒಂದೇ ಒಂದು ಸಾಲು ಬರ್ಕೊಡಿ ಸಾಕು, ಇವತ್ತೇ ಮೊದಲಿನ ಹಾಗೆ ಮಾಡ್ತೀನಿ."

ಡೆರಿಕ್‌ಗೆ ಹೋದ ಜೀವ ಬಂದಂತಾಯಿತು. "ತಾಳುತ್ತದೆ" ಎಂದು ಬೆರಳಚ್ಚು ಮಾಡಿ, ಕೆಳಗೆ ಹೆಸರು ಹಾಕಬೇಕು ಎನ್ನುವಷ್ಟರಲ್ಲಿ ಕೈ ನಿಂತಿತು. ಹಿಂದೊಮ್ಮೆ ಮೇಲಧಿಕಾರಿಯೂ ಇಂಥದೇ ಸಾಲಿಗೆ ಸಹಿ ಕೇಳಿದ್ದ. ಡೆರಿಕ್ ಹಾಕಿರಲಿಲ್ಲ, ಬಡ್ತಿಯೂ ಬಂದಿರಲಿಲ್ಲ. ಆದರೆ ಅದು ನಿಜವಾದ ಸೇತುವೆ, ಮೇಲೆ ಶಾಲೆಯ ಬಸ್ಸು ಓಡಾಡುತ್ತಿತ್ತು. ಇದರ ಮೇಲೆ ಒಂದು ಇಲಿಯೂ ಓಡಾಡುವುದಿಲ್ಲ. ಸಹಿ ಹಾಕಿದರೆ ಯಾರಪ್ಪನ ಗಂಟು ಹೋಗುತ್ತಿತ್ತು?

ಅವನು ಆ ಪದವನ್ನು ಅಳಿಸಿಹಾಕಿದ.

ಫರ್ಗಸ್ ಹನ್ನೊಂದು ದಿನದಲ್ಲಿ ನಲವತ್ತು ಟ್ಯಾಂಕುಗಳನ್ನೂ ಸುಟ್ಟ. ಹನ್ನೆರಡನೆಯ ದಿನ ಡೆರಿಕ್‌ನ ಹೊಸ ವಿಮರ್ಶೆ ಬಂತು: "ಸೇತುವೆ ಸರಿಯಾಗಿದೆ. ನಾನು ಸೋತೆ. ಹತ್ತಕ್ಕೆ ಹತ್ತು."

"ಅಳ್ತಿದೀಯಾ?" ಎಂದಳು ಮೊರೀನ್.

"ಆಟಕ್ಕೆಲ್ಲ ಯಾರಾದ್ರೂ ಅಳ್ತಾರೇನೇ!" ಎಂದು ಡೆರಿಕ್ ಕನ್ನಡಕ ತೆಗೆದು ಒರೆಸಿದ.

ಆ ದಿನ ಫರ್ಗಸ್‌ನ ಇಮೇಲಿನಲ್ಲಿ ಹಂಗಿಸುವ ಮಾತು ಒಂದೂ ಇರಲಿಲ್ಲ. ಚೌಕಟ್ಟಿನಿಂದ ಹಳೆಯ ವಿಮರ್ಶೆಯನ್ನು ತೆಗೆದು, ಅಲ್ಲಿ ಇದನ್ನು ಹಾಕಿದನಂತೆ.