ಕೈ ಕಟ್ಟದ ವಿದ್ಯಾರ್ಥಿನಿ

ಮುಡಬಿಯಿಂದ ಬಸವಕಲ್ಯಾಣಕ್ಕೆ ಹೊರಟ ಆಟೋದಲ್ಲಿ ಪಕ್ಕ ಕುಳಿತಿದ್ದ ಮಹಿಳೆ ನನ್ನನ್ನು ಕೇಳಿಯೇಬಿಟ್ಟರು: "ಮೇಡಂ, ಚಂದ್ರ ಯಾಕ ಸಣ್ಣಾಗ್ತಾನ್ರಿ? ನಿನ್ನಿ ಪಾಠ ಅರ್ಧಕ್ಕ ಬಿಟ್ಟೀರಂತ."

ಅವರು ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಂಜೆ ಒಲೆಯ ಮುಂದೆ ಮಗಳು ನನ್ನ ಪಾಠವನ್ನೆಲ್ಲ ನನ್ನ ಹಾಗೆಯೇ ಹೇಳುತ್ತಾಳಂತೆ.

"ನಡುವ ಏನರ ಕೇಳಿದ್ರ, ಕೈ ಕಟ್ಟಿ ಸುಮ್ನ ಕುಂದ್ರು ಅಂತಾಳ್ರಿ. ರೊಟ್ಟಿ ಬಡಿಯೋವಾಗ ಕೈ ಹ್ಯಾಂಗ ಕಟ್ಲಿ ಹೇಳ್ರಿ?"

ದಾರಿಯುದ್ದಕ್ಕೂ ಚಂದ್ರನ ವಿಷಯ ಹೇಳಿದೆ. ಅವರು ನಡುನಡುವೆ ಕೇಳುತ್ತಲೇ ಇದ್ದರು.

ಮರುದಿನದಿಂದ ಮಕ್ಕಳಿಗೆ ಕೈ ಕಟ್ಟಿಸುವುದನ್ನು ಬಿಟ್ಟೆ. ಬಿಟ್ಟ ಕೈಗಳು ಏನು ಮಾಡುತ್ತವೆಂದು ನೋಡುವ ಕುತೂಹಲ ನನಗೆ. ಮೊನ್ನೆ ಅದೇ ಹುಡುಗಿ ಗಾಳಿಯಲ್ಲಿ ರೊಟ್ಟಿ ಬಡಿಯುತ್ತ ಮಗ್ಗಿ ಒಪ್ಪಿಸಿದಳು. ಒಂದೂ ತಪ್ಪಲಿಲ್ಲ.